ವಿಷದ ಮರ: 12 ಸಾಲು ಆಯ್ತು, 4 ಬಾಕಿ

ಕೊಡಗಿನ ಕಕ್ಕಡ ತಿಂಗಳ ಮಳೆ ಹಿಡಿದು ಕೂತಿದೆ. ಮೂರು ದಿನದಿಂದ ಕರೆಂಟಿಲ್ಲ, ತೋಟಕ್ಕೆ ಇಳಿಯುವ ಹಾಗೂ ಇಲ್ಲ. ಅದರಿಂದ ಅನುವಾದ ಸ್ವಲ್ಪ ಮುಂದೆ ಹೋಗಿದೆ.

ಇಂಗ್ಲಿಷ್ ಕವಿ ವಿಲಿಯಂ ಬ್ಲೇಕ್ 1794ರಲ್ಲಿ ತಾನೇ ಅಚ್ಚು ಹಾಕಿದ ಪದ್ಯ ಇದು, ‘ವಿಷದ ಮರ’ (A Poison Tree). ಬರೀ 16 ಸಾಲು. ಕಥೆ ಹೇಳುವವನು ಗೆಳೆಯನ ಮೇಲಿನ ಸಿಟ್ಟನ್ನು ಹೇಳಿಬಿಡುತ್ತಾನೆ, ಅದು ಅಲ್ಲಿಗೇ ಮುಗಿಯುತ್ತದೆ. ಹಗೆಯವನ ಮೇಲಿನದನ್ನು ಹೇಳುವುದಿಲ್ಲ. ಕಣ್ಣೀರೆರೆದು, ನಗುವಿನ ಬಿಸಿಲು ಕೊಟ್ಟು ಸಾಕುತ್ತಾನೆ. ಅದು ಮರವಾಗಿ ಹಣ್ಣು ಬಿಡುತ್ತದೆ. ಹಗೆಯವನು ರಾತ್ರಿ ಕದಿಯಲು ಬರುತ್ತಾನೆ, ಬೆಳಿಗ್ಗೆ ಮರದ ಕೆಳಗೆ ಬಿದ್ದಿರುತ್ತಾನೆ.

ಮೊದಲ ನಾಲ್ಕು ಸಾಲು ಸದ್ಯಕ್ಕೆ ಹೀಗಿದೆ:

ಗೆಳೆಯನ ಮೇಲೆ ಸಿಟ್ಟು ಬಂತು,
ಹೇಳಿಬಿಟ್ಟೆ, ಸಿಟ್ಟು ಹೋಯ್ತು.
ಹಗೆಯ ಮೇಲೆ ಸಿಟ್ಟು ಬಂತು,
ಹೇಳಲಿಲ್ಲ, ಬೇರು ಬಿಟ್ತು.

ಮೊದಲ ಸಾಲಲ್ಲಿ ಒಂದು ಮಾತ್ರೆ ಜಾಸ್ತಿ. ಇರಲಿ, ಆಮೇಲೆ ನೋಡೋಣ.

ತಿಂಗಳುಗಟ್ಟಲೆ ತಲೆ ತಿಂದದ್ದು ‘ಸಿಟ್ಟು’. ಗೆಳೆಯನ ಮೇಲಾದರೆ ‘ಮುನಿಸು’, ಇನ್ನೊಬ್ಬನ ಮೇಲಾದರೆ ‘ದ್ವೇಷ’ ಅಂತ ಬರೆದಿದ್ದೆ. ಓದಲು ಚೆನ್ನಾಗಿತ್ತು, ಆದರೆ ತಪ್ಪು. ಬ್ಲೇಕ್ ಎರಡಕ್ಕೂ ಒಂದೇ ಪದ ಇಟ್ಟಿದ್ದಾನೆ. ಬೀಜ ಒಂದೇ, ಹೇಳಿದ್ದು ಬಿಟ್ಟದ್ದಷ್ಟೇ ವ್ಯತ್ಯಾಸ. ಇನ್ನೊಂದು ವಿಷಯ ಗಮನಿಸಿದ್ದೇ ಈಗ: ಐದನೇ ಸಾಲಿನಿಂದ ಆ ಪದವೇ ಇಲ್ಲ. ಬರೀ ‘ಅದು’. ಅದಕ್ಕೆ ನೀರೆರೆದೆ, ಅದು ಬೆಳೆಯಿತು. ಸಾಕುವವನಿಗೇ ಅದರ ಹೆಸರು ಮರೆತುಹೋದ ಹಾಗೆ. ನಾನೂ ‘ಅದು’ ಅಂತಲೇ ಬಿಟ್ಟೆ.

ನಗುವಿನ ಸಾಲು ಮಾತ್ರ ಸಲೀಸಾಗಿ ಬಂತು. ಯಾಕೆ ಅಂತ ಹೇಳಲು ಸ್ವಲ್ಪ ನಾಚಿಕೆ. ಹೋದ ವರ್ಷ ಪಕ್ಕದ ತೋಟದವರು ಬೇಲಿಯ ಸಿಲ್ವರ್ ಓಕ್ ಸವರುವಾಗ ನನ್ನ ಎರಡು ಮೆಣಸಿನ ಬಳ್ಳಿ ಬುಡಕ್ಕೇ ಕಡಿಸಿದರು. ಫಸಲು ಬಿಡುತ್ತಿದ್ದ ಬಳ್ಳಿ. ನಾನು ಏನೂ ಅನ್ನಲಿಲ್ಲ. ಸಿಕ್ಕಾಗಲೆಲ್ಲ “ಬನ್ನಿ, ಒಂದು ಲೋಟ ಕಾಫಿ ಕುಡಿದು ಹೋಗಿ” ಅನ್ನುತ್ತೇನೆ. ಬಾಯಲ್ಲಿ ‘ಅವರು’, ಮನಸ್ಸಲ್ಲಿ ‘ಅವನು’. ಬ್ಲೇಕ್ ಕರಡಿನಲ್ಲಿ ಈ ಪದ್ಯಕ್ಕೆ ಇಟ್ಟ ಹೆಸರು ‘ಕ್ರೈಸ್ತ ಸಹನೆ’. ಅದನ್ನು ಓದಿದ ದಿನ ಪೆನ್ನು ಕೆಳಗಿಟ್ಟು ಸುಮ್ನೆ ಜಗಲಿಯಲ್ಲಿ ಕೂತಿದ್ದೆ.

ಹಣ್ಣಿನ ಜಾಗದಲ್ಲಿ ನಮ್ಮ ಕೊಡಗಿನ ಕಿತ್ತಳೆ ಹಾಕಿ ನೋಡಿದೆ. ಮನೆಯವಳು ನಕ್ಕಳು: “ಕಿತ್ತಳೆ ಕದ್ದು ತಿಂದು ಇಲ್ಲಿ ಯಾರು ಸತ್ತಿದ್ದಾರೆ?” ಸರಿ, ಬೈಬಲಿನ ಏದೆನ್ ತೋಟದ ನೆನಪು ಬೇಕಲ್ವಾ, ಸೇಬೇ ಇರಲಿ.

ಈಗ ಕೊನೆಯ ನಾಲ್ಕು ಸಾಲಿನಲ್ಲಿ ನಿಂತಿದ್ದೇನೆ. ಕಥೆಯೆಲ್ಲ ಆಗಿಹೋದ ಕಾಲದಲ್ಲಿದೆ, ಹೆಣ ಕಾಣುವಲ್ಲಿ ಮಾತ್ರ ‘ನೋಡುತ್ತೇನೆ’. ಅದೂ ಖುಷಿಯಿಂದ. ‘ಖುಷಿ’ ಹಗುರ, ‘ಹಿಗ್ಗು’ ಮುದ್ದು. ‘ತಣ್ಣಗಾಗಿ’ ಅಂತ ಪೆನ್ಸಿಲ್‌ನಲ್ಲಿ ಬರೆದಿಟ್ಟಿದ್ದೇನೆ. ಕರೆಂಟ್ ಬಂದ ಮೇಲೆ ಇನ್ನೊಮ್ಮೆ ನೋಡಬೇಕು.