ಬಾಲಿನಾ, ಥಾಯ್ಲೆಂಡಾ, ಪೆನಾಂಗಾ? ಎಲ್ಲರೂ ಕೇಳುವ ಪ್ರಶ್ನೆಗೆ ನನ್ನ ಉತ್ತರ

ಕಳೆದ ತಿಂಗಳು ಒಂದು ಗೃಹಪ್ರವೇಶದ ಊಟಕ್ಕೆ ಕೂತಿದ್ದೆ. ಎಲೆಗೆ ಇನ್ನೂ ಕೋಸಂಬರಿ ಬಿದ್ದಿರಲಿಲ್ಲ, ಪಕ್ಕದವರು ಶುರು ಮಾಡಿದರು: "ನೀವು ಆ ಕಡೆಯೆಲ್ಲ ಇದ್ದು ಬಂದವರಲ್ವಾ? ನಮ್ಮನೆಯವರು ಮುಂದಿನ ವರ್ಷ ರಿಟೈರ್ ಆಗ್ತಾರೆ. ಬಾಲಿ ಒಳ್ಳೇದಾ, ಥಾಯ್ಲೆಂಡಾ, ಮಲೇಷ್ಯಾನಾ?" ಪಾಯಸ ಬಂದು ಮಜ್ಜಿಗೆ ಬಂದರೂ ನನ್ನ ಉತ್ತರ ಮುಗಿಯಲಿಲ್ಲ. ಅಲ್ಲಿ ಉಳಿದಿದ್ದನ್ನು ಇಲ್ಲಿ ಬರೆದು ಮುಗಿಸುತ್ತಿದ್ದೇನೆ. ಇನ್ನು ಮೇಲೆ ಕೇಳಿದವರಿಗೆಲ್ಲ ಇದನ್ನೇ ಕಳಿಸಬಹುದು.

ನನಗೆ ಈ ಪ್ರಶ್ನೆ ಬರುವುದಕ್ಕೆ ಕಾರಣ ಇಷ್ಟೇ. ನಮ್ಮ ಯಜಮಾನರು ಮಲೇಷ್ಯಾದ ಪೆನಾಂಗ್ ದ್ವೀಪದ ಬಯಾನ್ ಲೆಪಾಸ್ ಕೈಗಾರಿಕಾ ವಲಯದಲ್ಲಿ, ಚಿಪ್ ಮಾಡುವ ಒಂದು ಕಾರ್ಖಾನೆಯಲ್ಲಿ, ಹನ್ನೊಂದು ವರ್ಷ ದುಡಿದರು. ಮಗಳ ರಜೆಗಳಲ್ಲಿ ಸುತ್ತಮುತ್ತಲ ದೇಶಗಳನ್ನು ಬಸ್ಸು, ರೈಲು, ಅಗ್ಗದ ವಿಮಾನ ಹಿಡಿದು ಸುತ್ತಿದೆವು. ಈಗ ಮೈಸೂರಿನಲ್ಲಿದ್ದೇವೆ. ಆದರೂ ವರ್ಷಕ್ಕೊಮ್ಮೆ ಅಲ್ಲಿಗೆ ಹೋಗದಿದ್ದರೆ ಏನೋ ಕಳಕೊಂಡ ಹಾಗೆ.

ಕೇಳಿದವರಿಗೆ ನಾನು ಮೊದಲು ತಿರುಗಿಸಿ ಕೇಳುವುದು "ಯಾವ ತಿಂಗಳು?" ಎಂದು. ಆ ಕಡೆ ವರ್ಷವೆಲ್ಲ ಒಂದೇ ಬಿಸಿಲು ಎಂದುಕೊಂಡವರೇ ಜಾಸ್ತಿ. ನಮಗೆ ಜೂನ್‌ನಲ್ಲಿ ಮಳೆ ಸುರಿಸುವ ನೈಋತ್ಯ ಮುಂಗಾರೇ ಅಂಡಮಾನ್ ಸಮುದ್ರದ ಆಚೆ ದಡವನ್ನೂ ಹೊಡೆಯುತ್ತದೆ. ಫುಕೆಟ್, ಕ್ರಾಬಿಗಳಲ್ಲಿ ಮೇ ತಿಂಗಳಿಂದ ಅಕ್ಟೋಬರ್‌ವರೆಗೆ ಕಡಲು ಕೆರಳಿರುತ್ತದೆ, ದಡದಲ್ಲಿ ಕೆಂಪು ಬಾವುಟ ಹಾರುತ್ತಿರುತ್ತದೆ. ಅದೇ ಥಾಯ್ಲೆಂಡಿನ ಇನ್ನೊಂದು ಮಗ್ಗುಲಲ್ಲಿರುವ ಕೊ ಸಮುಯಿ ದ್ವೀಪಕ್ಕೆ ಜೋರು ಮಳೆ ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ, ನಮ್ಮ ಹಿಂಗಾರಿನ ಲೆಕ್ಕದಲ್ಲಿ. ಮಲೇಷ್ಯಾದ ಪೂರ್ವ ಕರಾವಳಿಯ ಪೆರ್ಹೆಂತಿಯಾನ್ ದ್ವೀಪಗಳಲ್ಲಿ ನವೆಂಬರ್‌ನಿಂದ ಫೆಬ್ರುವರಿವರೆಗೆ ಬಹುಪಾಲು ವಸತಿಗೃಹಗಳು ಬಾಗಿಲನ್ನೇ ಹಾಕಿಬಿಡುತ್ತವೆ. ವಿಯೆಟ್ನಾಮಿನ ಹೊಯ್ ಆನ್ ಎಂಬ ಚೆಂದದ ಹಳೇ ಪೇಟೆಗೆ ಅಕ್ಟೋಬರ್, ನವೆಂಬರ್‌ನಲ್ಲಿ ನದಿಯೇ ನುಗ್ಗಿ ಬರುವುದುಂಟು.

ಹಾಗಾಗಿ ಮಕ್ಕಳ ಬೇಸಿಗೆ ರಜೆಗೆ, ಅಂದರೆ ಏಪ್ರಿಲ್ ಮೇ ತಿಂಗಳಿಗೆ, ಬಾಲಿ ಅಥವಾ ವಿಯೆಟ್ನಾಮಿನ ಡಾ ನಾಂಗ್. ಬಾಲಿಯಲ್ಲಿ ಏಪ್ರಿಲ್‌ನಿಂದ ಅಕ್ಟೋಬರ್‌ವರೆಗೆ ಒಣಗಾಲ, ಅದರಿಂದ ದಸರಾ ರಜೆಗೂ ಅದೇ. ಕ್ರಿಸ್ಮಸ್ ರಜೆಗೆ ಮಲೇಷ್ಯಾದ ಲಂಕಾವಿ, ಇಲ್ಲವೇ ಕ್ರಾಬಿ, ಫುಕೆಟ್. ಟಿಕೆಟ್ ಅಗ್ಗ ಎಂದು ಜುಲೈಯಲ್ಲಿ ಫುಕೆಟ್‌ಗೆ ಹೋಗಿ ಹೋಟೆಲಿನ ಕಿಟಕಿಯಿಂದ ಮಳೆ ನೋಡಿ ಬಂದವರು ನಮ್ಮ ಬೀದಿಯಲ್ಲೇ ಎರಡು ಮನೆ ಇದ್ದಾರೆ. ಮಳೆ ನೋಡುವುದಕ್ಕೆ ಆಗುಂಬೆ ಸಾಲದೇ?

ಹೊಗೆಯ ಕಾಲ ಇನ್ನೊಂದು. ಥಾಯ್ಲೆಂಡಿನ ಉತ್ತರದ ಚಿಯಾಂಗ್ ಮಾಯ್ ನನಗೆ ತುಂಬಾ ಇಷ್ಟವಾದ ಊರು. ಗುಡ್ಡ, ಹಳೇ ಕೋಟೆಗೋಡೆ, ನವೆಂಬರ್‌ನಿಂದ ಜನವರಿವರೆಗೆ ಶಾಲು ಹೊದೆಯುವಷ್ಟು ತಂಪು. ಆದರೆ ಫೆಬ್ರುವರಿಯಿಂದ ಏಪ್ರಿಲ್‌ವರೆಗೆ ಹೊಲದ ಕೂಳೆಗೂ ಕಾಡಿಗೂ ಬೆಂಕಿ ಬಿದ್ದು ಎದುರಿನ ಬೆಟ್ಟವೇ ಕಾಣದಂತಾಗುತ್ತದೆ. ಉಬ್ಬಸ ಇದ್ದವರು ಆಗ ಅತ್ತ ತಲೆಹಾಕಬಾರದು. ಪೆನಾಂಗ್‌ಗೆ ಇದೇ ಕಾಟ ಇಂಡೋನೇಷ್ಯಾದ ಸುಮಾತ್ರದಲ್ಲಿ ಪೀಟ್ ಎನ್ನುವ, ಕೊಳೆತ ಗಿಡಮರದ ಜೌಗು ನೆಲಕ್ಕೆ ಬೀಳುವ ಬೆಂಕಿಯಿಂದ, ಆಗಸ್ಟ್‌ನಿಂದ ಅಕ್ಟೋಬರ್ ನಡುವೆ, ಕೆಲವು ವರ್ಷ ಮಾತ್ರ. 2015ರಲ್ಲಿ ನಮ್ಮ ಬಾಲ್ಕನಿಯಿಂದ ಸೇತುವೆ ಕಾಣುತ್ತಿರಲಿಲ್ಲ, ಶಾಲೆಗಳಿಗೆ ರಜೆ ಕೊಟ್ಟಿದ್ದರು.

ಬಾಲಿಯ ಬಗ್ಗೆ ಒಂದು ಮಾತು ಬೇರೆಯಾಗಿ ಹೇಳಬೇಕು. ಅಲ್ಲಿ ಮನೆ ಮುಂದೆ, ಅಂಗಡಿ ಮುಂದೆ, ಸ್ಕೂಟರ್ ಸೀಟಿನ ಮೇಲೆ ಕೂಡ ಬೆಳಗಾದರೆ ಪುಟ್ಟ ಗರಿಬುಟ್ಟಿಯಲ್ಲಿ ಹೂವು, ಅಕ್ಕಿ, ಊದುಬತ್ತಿ. ಅವರ ಹೊಸ ವರ್ಷ ನ್ಯೇಪಿ. ಅದೂ ಶಕ ವರ್ಷವೇ. 2023ರಲ್ಲಿ ನಮ್ಮ ಯುಗಾದಿ, ಅವರ ನ್ಯೇಪಿ ಎರಡೂ ಮಾರ್ಚ್ 22ರಂದೇ ಬಂದವು, ಇಲ್ಲೂ ಅಲ್ಲೂ ಶಕ 1945. ನಾವು ಹೋಳಿಗೆ ತಟ್ಟುವ ಹೊತ್ತಿಗೆ ಅವರು ಒಲೆ ಹಚ್ಚುವುದಿಲ್ಲ, ದೀಪ ಹಚ್ಚುವುದಿಲ್ಲ, ಹೊಸ್ತಿಲು ದಾಟುವುದಿಲ್ಲ. ವಿಮಾನ ನಿಲ್ದಾಣ ಕೂಡ 24 ಗಂಟೆ ಮುಚ್ಚಿರುತ್ತದೆ. ಪ್ರವಾಸಿಗರೂ ಹೋಟೆಲಿನೊಳಗೇ ಇರಬೇಕು. ಅಂಥ ಒಂದು ರಾತ್ರಿ ಅಂಗಳದಲ್ಲಿ ನಿಂತು ನಕ್ಷತ್ರ ನೋಡಿದ್ದೇನೆ. ರಜೆಗೆ ಅಂತ ಯಾರಾದರೂ ಒಂದೇ ಊರು ಹೇಳು ಎಂದರೆ ಬಾಲಿ ಎನ್ನುತ್ತೇನೆ, ದಕ್ಷಿಣದ ಕೂಟಾ, ಚಾಂಗುಗಳ ಟ್ರಾಫಿಕ್ ಬಿಟ್ಟು. ಅಲ್ಲಿಯ ಟ್ರಾಫಿಕ್‌ನಲ್ಲಿ ಸಿಕ್ಕಿಕೊಂಡಾಗ ಸಿಲ್ಕ್ ಬೋರ್ಡ್ ಮೇಲೆ ಪ್ರೀತಿ ಉಕ್ಕಿತ್ತು.

ಆದರೆ ಅಲ್ಲೇ ಉಳಿಯಲು? ಬೇಡ. ಬಾಲಿ ಇರುವ ಇಂಡೋನೇಷ್ಯಾದಲ್ಲಿ ಪರದೇಶದವರ ಹೆಸರಿಗೆ ನೆಲದ ಪೂರ್ಣ ಹಕ್ಕು ಬರುವುದಿಲ್ಲ. ಸ್ಥಳೀಯರ ಹೆಸರಲ್ಲಿ ಕೊಂಡುಕೊಳ್ಳಿ, ಒಳಗೊಳಗೆ ಕರಾರು ಮಾಡಿಕೊಳ್ಳೋಣ ಎನ್ನುವವರು ಸಿಗುತ್ತಾರೆ. ಹಾಗೆ ಹಣ ಹಾಕುವುದೆಂದರೆ ಬೇರೆಯವರ ಹೊಲದಲ್ಲಿ ಬಾವಿ ತೋಡಿದ ಹಾಗೆ.

ಉಳಿಯುವ ಮಾತು ಬಂದಾಗ ಎಲ್ಲರೂ ಮೊದಲು ಎತ್ತುವುದು ಥಾಯ್ಲೆಂಡ್. 50 ವರ್ಷ ದಾಟಿದವರಿಗೆ ಅಲ್ಲಿ ನಿವೃತ್ತಿ ವೀಸಾ ಇದೆ. ಅಲ್ಲಿನ ಬ್ಯಾಂಕಿನಲ್ಲಿ 8 ಲಕ್ಷ ಬಾತ್ ಇಡಬೇಕು, ನಮ್ಮ ದುಡ್ಡಿನಲ್ಲಿ 20 ಲಕ್ಷದ ಮೇಲಾಗುತ್ತದೆ. ಇಲ್ಲವೇ ತಿಂಗಳಿಗೆ 65,000 ಬಾತ್ ವರಮಾನ ತೋರಿಸಬೇಕು. 90 ದಿನಕ್ಕೊಮ್ಮೆ ವಿಳಾಸ ತಿಳಿಸಬೇಕು. ನೆಲ ಕೊಳ್ಳುವಂತಿಲ್ಲ, ಅಪಾರ್ಟ್‌ಮೆಂಟ್ ಆದರೆ ಕಟ್ಟಡದ ಒಟ್ಟು ವಿಸ್ತೀರ್ಣದಲ್ಲಿ ಶೇ. 49ರವರೆಗೆ ಮಾತ್ರ ಪರದೇಶದವರಿಗೆ. ವರ್ಷದಲ್ಲಿ 180 ದಿನ ಇದ್ದವರು ಹೊರಗಿನ ವರಮಾನವನ್ನು ಒಳಗೆ ತಂದರೆ ಅದಕ್ಕೂ ತೆರಿಗೆ ಲೆಕ್ಕ ಎಂದು 2024ರಿಂದ ನಿಯಮ ಬಿಗಿ ಮಾಡಿದ್ದಾರೆ. ಇಷ್ಟೆಲ್ಲ ಆದರೂ ದೇಶ ಅಗ್ಗ, ಜನ ಮೃದು, ಆಸ್ಪತ್ರೆ ಒಳ್ಳೆಯದು. ತೊಡಕು ಭಾಷೆಯದು. ಲಿಪಿ ಓದಲು ಬರದೆ ಔಷಧಿ ಚೀಟಿ ಹಿಡಿದು ನಿಂತಾಗ ಅನಕ್ಷರಸ್ಥರ ಕಷ್ಟ ಏನೆಂದು ಗೊತ್ತಾಗುತ್ತದೆ.

ಸಸ್ಯಾಹಾರಿಗಳಿಗೆ ಒಂದು ಗುಟ್ಟು: ಥಾಯ್ಲೆಂಡಿನಲ್ಲಿ "ಮಾಂಸ ಬೇಡ" ಎಂದರೆ ಸಾಲದು, ಮೀನಿನ ಸಾಸ್ ಬಿದ್ದೇ ಬೀಳುತ್ತದೆ. "ಜೇ" ಎಂದು ಕೇಳಬೇಕು. ಹಳದಿ ಬಾವುಟದ ಮೇಲೆ ಕೆಂಪಕ್ಷರ ಬರೆದ ಅಂಗಡಿ ಹುಡುಕಬೇಕು. ಅದು ಚೀನೀ ಬೌದ್ಧರ ವ್ರತದಡುಗೆ. ಮೀನು, ಮೊಟ್ಟೆಯಷ್ಟೇ ಅಲ್ಲ, ಈರುಳ್ಳಿ ಬೆಳ್ಳುಳ್ಳಿಯೂ ಇಲ್ಲ. ನಮ್ಮತ್ತೆ ಬ್ಯಾಂಕಾಕಿನಲ್ಲಿ ಮಡಿಯವರ ಊಟ ಸಿಕ್ಕಿತು ಎಂದು ಇಂದಿಗೂ ಹೇಳುತ್ತಾರೆ.

ಫಿಲಿಪೀನ್ಸ್‌ನಲ್ಲೂ ನಿವೃತ್ತರಿಗೆ ವೀಸಾ ಇದೆ, ಇಂಗ್ಲಿಷ್ ಚೆನ್ನಾಗಿ ನಡೆಯುತ್ತದೆ. ಚಂಡಮಾರುತವೂ ಹಂದಿಮಾಂಸವೂ ಎರಡೂ ಧಾರಾಳ. ವಿಯೆಟ್ನಾಮಿನಲ್ಲಿ ನಿವೃತ್ತಿ ವೀಸಾವೇ ಇಲ್ಲ, 90 ದಿನದ ಇ-ವೀಸಾ ಮಾತ್ರ. ನೋಡಿ ಬನ್ನಿ, ಮಿ ಸನ್ ಕಣಿವೆಯಲ್ಲಿ ಚಾಮ್ ರಾಜರು ಕಟ್ಟಿಸಿದ ಇಟ್ಟಿಗೆಯ ಶಿವಾಲಯಗಳಿವೆ, ಸಂಸ್ಕೃತ ಶಾಸನಗಳಿವೆ.

ಇನ್ನು ನನ್ನ ತವರು, ಪೆನಾಂಗ್. ಪಕ್ಷಪಾತ ಇದೆ, ಮೊದಲೇ ಹೇಳಿಬಿಡುತ್ತೇನೆ. ಜಾರ್ಜ್ ಟೌನಿನ ಕ್ವೀನ್ ಸ್ಟ್ರೀಟಿನಲ್ಲಿ 1833ರ ಮಾರಿಯಮ್ಮನ ಗುಡಿ, ಸುತ್ತ ಲಿಟ್ಲ್ ಇಂಡಿಯಾ: ಕರಿಬೇವು, ನುಗ್ಗೆಕಾಯಿ, ಉದ್ದಿನಬೇಳೆ, ಮಲ್ಲಿಗೆ ಮಾಲೆ. ಬೀದಿಯಲ್ಲಿ ಪುಟು ಮಾಯಂ ಎಂದು ಕೂಗಿ ಮಾರುವುದು ನಮ್ಮ ಒತ್ತುಶಾವಿಗೆಯನ್ನೇ, ಮೇಲೆ ಕಾಯಿತುರಿ, ಬೆಲ್ಲದ ಪುಡಿ. ಕಾಫಿ ಮಾತ್ರ ಕೇಳಬೇಡಿ, ಬೀಜಕ್ಕೆ ಸಕ್ಕರೆ, ಮಾರ್ಗರಿನ್ ಹಾಕಿ ಕರ್ರಗೆ ಹುರಿಯುತ್ತಾರೆ. ಮಲಯ್ ಭಾಷೆ ರೋಮನ್ ಲಿಪಿಯಲ್ಲಿದೆ, ಅರ್ಧ ಪರಿಚಿತ ಕೂಡ. ಗಂಡ "ಸುಆಮಿ", ಹೆಂಡತಿ "ಇಸ್ತೆರಿ", ಉಪವಾಸ "ಪುಆಸ". ಡಾಕ್ಟರ ಹತ್ತಿರ ಇಂಗ್ಲಿಷಿನಲ್ಲೋ ತಮಿಳಿನಲ್ಲೋ ಎದೆನೋವು ವಿವರಿಸಬಹುದು. ವಯಸ್ಸಾದವರಿಗೆ ಸಮುದ್ರ ತೀರಕ್ಕಿಂತ ಇದು ದೊಡ್ಡದು.

ಇದನ್ನು ಕೇಳಿದವರು "ಹಾಗಿದ್ರೆ ಮಲೇಷ್ಯಾಗೇ ಹೋಗಿಬಿಡೋಣ" ಎನ್ನುತ್ತಾರೆ. ದುಡ್ಡಿನ ಲೆಕ್ಕ ಕೇಳಿ. ಅಲ್ಲಿಯ 'ಮಲೇಷ್ಯಾ ಮೈ ಸೆಕೆಂಡ್ ಹೋಮ್' ಯೋಜನೆ 2002ರಲ್ಲಿ ಶುರುವಾದಾಗ ಪಿಂಚಣಿದಾರರ ಕೈಗೆ ಎಟುಕುವಂತಿತ್ತು. 2021ರಲ್ಲಿ ಒಮ್ಮೆಲೇ ಏರಿಸಿದರು, 2024ರಲ್ಲಿ ಮೂರು ದರ್ಜೆ ಮಾಡಿದರು. ಕೆಳಗಿನ ಬೆಳ್ಳಿ ದರ್ಜೆಗೇ ಒಂದೂವರೆ ಲಕ್ಷ ಡಾಲರ್ ಠೇವಣಿ, ಅಂದರೆ ಒಂದು ಕೋಟಿಗೂ ಮೇಲೆ. ಸಾಲದ್ದಕ್ಕೆ ಕನಿಷ್ಠ 6 ಲಕ್ಷ ರಿಂಗಿಟ್ಟಿನ ಮನೆ ಕೊಳ್ಳಬೇಕು. ಠೇವಣಿಯ ಅರ್ಧ ಅದಕ್ಕೆ ತೆಗೆಯಬಹುದು ಎನ್ನುವುದೊಂದು ಸಮಾಧಾನ. ಇಷ್ಟು ಕೊಟ್ಟರೆ ಸಿಗುವುದು ಐದು ವರ್ಷ, ಆಮೇಲೆ ನವೀಕರಣ. ಬೆಂಗಳೂರಿನ ಸೈಟು ಮಾರಿ ಅಲ್ಲಿಗೆ ಹೋಗುವಷ್ಟು ನನಗಂತೂ ಧೈರ್ಯವಿಲ್ಲ.

ದುಡ್ಡು ಇದ್ದವರಿಗೂ ಇನ್ನೊಂದು ಹೇಳುತ್ತೇನೆ. ಎರಡು ವರ್ಷದ ಕೆಳಗೆ ಪೆನಾಂಗಿನಲ್ಲಿ ಮಳೆ ನಿಂತ ಮೇಲೆ ಮಾರ್ಕೆಟ್‌ಗೆ ಹೊರಟಿದ್ದೆವು. ಅಲ್ಲಿ ಹಳೇ ಅಂಗಡಿಸಾಲಿನ ಮುಂದೆ ಐದಡಿಯ ಜಗಲಿ ಇರುತ್ತದೆ, ಕಾಕಿ ಲಿಮಾ ಎನ್ನುತ್ತಾರೆ. ಒಂದೊಂದು ಅಂಗಡಿಗೆ ಒಂದೊಂದು ಎತ್ತರ, ಮೇಲೆ ನುಣುಪು ಹೆಂಚು. ಇವರು ಕಾಲು ಜಾರಿ ಬಿದ್ದರು. ಬಲಗೈ ಮಣಿಕಟ್ಟು ಮುರಿಯಿತು. ಆಸ್ಪತ್ರೆಯಲ್ಲಿ ಗಂಟೆಯೊಳಗೆ ಎಕ್ಸ್‌ರೇ, ಪಟ್ಟಿ, ಎಲ್ಲ ಅಚ್ಚುಕಟ್ಟು. ಬಿಲ್ ನಮ್ಮ ಜೇಬಿಂದಲೇ ಹೋಯಿತು, ಏಕೆಂದರೆ ನಮ್ಮ ಹಿರಿಯರ ಆರೋಗ್ಯವಿಮೆ ಭಾರತದೊಳಗೆ ಮಾತ್ರ. ಹನ್ನೊಂದು ವರ್ಷ ಬಾಳಿದ ಊರಿಗೆ ಪ್ರವಾಸ ವಿಮೆ ಯಾಕೆ ಎಂದು ಮಾಡಿಸದೇ ಬಿಟ್ಟಿದ್ದು ನಾನೇ.

ಬಿಲ್ ಬಿಡಿ. ಮಾರನೇ ದಿನದಿಂದ ಇವರಿಗೆ ಸ್ನಾನ ಮಾಡಿಸಬೇಕು, ಅಂಗಿ ತೊಡಿಸಬೇಕು, ಮಾತ್ರೆ ತರಬೇಕು, ಅಡುಗೆ ಆಗಬೇಕು. ಹಳೇ ಸ್ನೇಹಿತರು ಒಬ್ಬೊಬ್ಬರಾಗಿ ಊರು ಬಿಟ್ಟಿದ್ದರು. ಎದುರು ಮನೆಯ ತಮಿಳು ಹೆಂಗಸು ನಾಲ್ಕು ದಿನ ರಸಂ ತಂದುಕೊಟ್ಟರು. ಐದನೇ ದಿನ ಅವರ ಮಗಳಿಗೆ ಹೆರಿಗೆ, ಇಪೋಗೆ ಹೊರಟುಹೋದರು. ಮಗಳು ಬೆಂಗಳೂರಿಂದ ದಿನಕ್ಕೆ ಮೂರು ಸಲ ವಿಡಿಯೋ ಕಾಲ್ ಮಾಡಿ, "ಅಮ್ಮ, ನೀನು ಊಟ ಮಾಡಿದ್ಯಾ?" ಎಂದು ಕೇಳುತ್ತಿದ್ದಳು. ಫೋನಿನೊಳಗಿಂದ ಯಾರೂ ಬಕೆಟ್ ಎತ್ತಿಕೊಡುವುದಿಲ್ಲ. ಹತ್ತನೇ ದಿನ ಗಾಲಿಕುರ್ಚಿಯಲ್ಲಿ ವಿಮಾನ ಹತ್ತಿ ವಾಪಸ್ ಬಂದೆವು.

ಆವತ್ತಿನಿಂದ ನನ್ನ ಎರಡನೇ ಪ್ರಶ್ನೆ ಹುಟ್ಟಿತು. ಅಲ್ಲೇ ನೆಲೆಸುತ್ತೇವೆ ಎನ್ನುವವರಿಗೆ ಕೇಳುತ್ತೇನೆ: "ಬಚ್ಚಲಲ್ಲಿ ಬಿದ್ದರೆ ಯಾರು ಬರುತ್ತಾರೆ? ಹೆಸರು ಹೇಳಿ." ಹೆಸರು ಇದ್ದವರು ಹೋಗಲಿ. ಮಗನೋ ಮಗಳೋ ಸಿಂಗಾಪುರ, ಕೌಲಾಲಂಪುರದಲ್ಲಿ ಇದ್ದರೆ ಆ ಮಾತೇ ಬೇರೆ.

ಇಲ್ಲಿಯ ಕಾಗದಪತ್ರ ಕೂಡ ಮರೆಯಬೇಡಿ. ಪೂರ್ತಿ ಬಿಟ್ಟು ಹೋದರೆ ನೀವು ಅನಿವಾಸಿ. ಉಳಿತಾಯ ಖಾತೆಯನ್ನು ಅನಿವಾಸಿಗಳ ಖಾತೆಯಾದ ಎನ್‌ಆರ್‌ಒ ಮಾಡಿಸಬೇಕು. ಹಿರಿಯ ನಾಗರಿಕರ ಉಳಿತಾಯ ಯೋಜನೆ ಅನಿವಾಸಿಗಳಿಗೆ ಇಲ್ಲ. ನವೆಂಬರ್‌ನಲ್ಲಿ ಪಿಂಚಣಿಗೆ ಜೀವನ ಪ್ರಮಾಣ ಪತ್ರ ಕೊಡಲೇಬೇಕು. ನಾನಿನ್ನೂ ಇದ್ದೇನೆ ಎಂದು ಬ್ಯಾಂಕಾಕಿನಿಂದ ಸಾಬೀತು ಮಾಡುವ ಫಜೀತಿ ಯಾರಿಗೆ ಬೇಕು?

ನಾವು ಈಗ ಮಾಡುವುದು ಇಷ್ಟು. ಭಾರತೀಯರಿಗೆ ಮಲೇಷ್ಯಾ 2023ರ ಡಿಸೆಂಬರ್‌ನಿಂದ ವೀಸಾ ಇಲ್ಲದೆ 30 ದಿನ ಬಿಡುತ್ತಿದೆ, ಈ ಸೌಲಭ್ಯ 2026ರ ಕೊನೆಯವರೆಗೆ ಇದೆ. ನವೆಂಬರ್‌ನಲ್ಲಿ ಪ್ರಮಾಣ ಪತ್ರ ಮುಗಿಸಿ, ವಿಮೆ ಮಾಡಿಸಿ, ಪೆನಾಂಗಿನಲ್ಲಿ ಒಂದು ತಿಂಗಳು ಬಾಡಿಗೆ ಮನೆ ಹಿಡಿಯುತ್ತೇವೆ. ಲಿಫ್ಟ್ ಇರಬೇಕು, ಬಚ್ಚಲಿಗೆ ಒರಟು ಹೆಂಚು ಇರಬೇಕು, ಕ್ಲಿನಿಕ್ ನಡಿಗೆಯ ದೂರದಲ್ಲಿರಬೇಕು. ಸಮುದ್ರ ಕಾಣದಿದ್ದರೂ ಪರವಾಗಿಲ್ಲ, ಬಾಡಿಗೆ ಕಡಿಮೆ.

ಗೃಹಪ್ರವೇಶದಲ್ಲಿ ಕೇಳಿದವರು ಮೊನ್ನೆ ಫೋನ್ ಮಾಡಿದ್ದರು. ಏಪ್ರಿಲ್‌ಗೆ ಚಿಯಾಂಗ್ ಮಾಯ್ ಟಿಕೆಟ್ ಅಗ್ಗಕ್ಕೆ ಸಿಕ್ಕಿತಂತೆ, ಬುಕ್ ಮಾಡಿ ಆಗಿದೆಯಂತೆ.