ಟೋಕಿಯೊದಲ್ಲಿ ಹೋಗನ್‌ಗೆ ಎರಡನೆಯ ಸ್ಥಾನವೂ ಇಲ್ಲ

ನಾನು ಭಾರತದವನೆಂದು ಹೇಳಿಕೊಂಡಾಗ ಟೋಕಿಯೊದ ಹುಡುಗರು ಕರೀ-ಅನ್ನದ ಮಾತು ತೆಗೆಯುತ್ತಾರೆ. ಅರವತ್ತು ದಾಟಿದ ಗಂಡಸರು ಮಾತ್ರ ಒಂದು ಗಳಿಗೆ ನನ್ನ ಮುಖವನ್ನೇ ನೋಡಿ, ಕಣ್ಣರಳಿಸಿ, “ಟೈಗರ್ ಜೀತ್ ಸಿಂಗ್!” ಎನ್ನುತ್ತಾರೆ. ಪಂಜಾಬಿನಲ್ಲಿ ಹುಟ್ಟಿ ಕೆನಡಾಕ್ಕೆ ವಲಸೆ ಹೋದ ಈ ಪೈಲ್ವಾನ, ತಲೆಗೆ ರುಮಾಲು ಸುತ್ತಿ, ಬಾಯಲ್ಲಿ ಕತ್ತಿ ಕಚ್ಚಿಕೊಂಡು ರಿಂಗಿಗೆ ಬರುತ್ತಿದ್ದ ಖಳನಾಯಕ. 1973ರ ನವೆಂಬರಿನಲ್ಲಿ, ಹೆಂಡತಿಯೊಡನೆ ಅಂಗಡಿಗೆ ಬಂದಿದ್ದ ಜಪಾನಿನ ಕುಸ್ತಿ ತಾರೆ ಆಂಟೋನಿಯೊ ಇನೋಕಿಯ ಮೇಲೆ ಆತ ಶಿಂಜುಕುವಿನ ನಡುಬೀದಿಯಲ್ಲೇ ಬಿದ್ದು ಬಡಿದ ಪ್ರಸಂಗವನ್ನು ಇಲ್ಲಿನ ಹಿರಿಯರು ಕಣ್ಣಾರೆ ಕಂಡವರಂತೆ ವಿವರಿಸುತ್ತಾರೆ. ಮುಂದಿನ ವರ್ಷ ಇನೋಕಿ ರಿಂಗಿನಲ್ಲಿ ಅವನ ತೋಳು ಮುರಿದು ಸೇಡು ತೀರಿಸಿಕೊಂಡನಂತೆ. ಇಷ್ಟು ಹೇಳಿ ಮುಗಿಸುವ ಹೊತ್ತಿಗೆ, ಅಪರಿಚಿತನಾಗಿದ್ದ ನಾನು ಅವರಿಗೆ ಹಳೆಯ ಜಗಳದ ಎದುರು ಮನೆಯವನಂತೆ ಹತ್ತಿರದವನಾಗಿರುತ್ತೇನೆ.

ಹೀಗೆ ಪರಿಚಯವಾದವರೇ ನಮ್ಮ ಕಚೇರಿಯಿಂದ ನಿವೃತ್ತರಾದ ಒಬ್ಬ ಹಿರಿಯರು. ನನ್ನನ್ನು ಮೊದಲ ಸಲ ಕುಸ್ತಿ ನೋಡಲು ಸುಯಿದೋಬಾಶಿಯ ಕೊರಾಕುಯೆನ್ ಹಾಲ್‌ಗೆ ಕರೆದುಕೊಂಡು ಹೋದವರೂ ಅವರೇ. ಐದನೆಯ ಮಹಡಿಯಲ್ಲಿರುವ ಆ ಸಭಾಂಗಣ, ಹೊರಗಿನಿಂದ ನೋಡಿದವರಿಗೆ ಯಾವುದೋ ಸರ್ಕಾರಿ ಕಟ್ಟಡದ ಭಾಗವೆಂದೇ ತೋರುತ್ತದೆ. ಮೆಟ್ಟಿಲುಗಳ ಗೋಡೆಯ ಮೇಲೆ ಅಭಿಮಾನಿಗಳು ಗೀಚಿದ ಹೆಸರುಗಳು, ಒಳಗೆ ಎರಡು ಸಾವಿರವೂ ಆಗದಷ್ಟು ಜನ. ಆಟಗಾರನ ಹೆಸರು ಕೂಗಿದಾಗ ಸುತ್ತಲಿನಿಂದ ಬಣ್ಣದ ಕಾಗದದ ಸುರುಳಿಗಳು ರಿಂಗಿನತ್ತ ಹಾರಿ ಬರುತ್ತವೆ, ಆಮೇಲೆ ಶಿಷ್ಯವೃತ್ತಿಯಲ್ಲಿರುವ ಹುಡುಗರು ಅವನ್ನೆಲ್ಲ ಮೇವಿನ ಹೊರೆಯಂತೆ ತಬ್ಬಿ ಎತ್ತಿಕೊಂಡು ಹೋಗುತ್ತಾರೆ. ಪಂದ್ಯ ನಡೆಯುವಾಗಿನ ಮೌನವೇ ನನ್ನನ್ನು ಬೆಚ್ಚಿಬೀಳಿಸಿದ್ದು. ಬರಿಯ ಎದೆಯ ಮೇಲೆ ಅಂಗೈ ಬಿದ್ದ ಸದ್ದು ಹಿಂದಿನ ಸಾಲಿಗೂ ಕೇಳಿಸುತ್ತದೆ, ಅದರ ಬೆನ್ನಿಗೇ ಜನರೆಲ್ಲ ಒಟ್ಟಾಗಿ ನಿಟ್ಟುಸಿರಿಡುವುದೂ ಕೇಳಿಸುತ್ತದೆ.

ಆ ರಾತ್ರಿ ಪಂದ್ಯ ಮುಗಿದ ಮೇಲೆ ಹತ್ತಿರದ ಒಂದು ಇಜಾಕಾಯದಲ್ಲಿ, ಅಂದರೆ ಇಲ್ಲಿನ ಪಾನಗೃಹದಲ್ಲಿ, ಕುಳಿತಿದ್ದ ನಾಲ್ವರ ನಡುವೆ, ವೃತ್ತಿಪರ ಕುಸ್ತಿಯ ಇತಿಹಾಸದಲ್ಲಿ ಎಲ್ಲರಿಗಿಂತ ದೊಡ್ಡ ತಾರೆ ಯಾರು ಎಂಬ ವಾದ ಹುಟ್ಟಿತು. ಅಮೆರಿಕದಿಂದ ಬಂದ ಸಹೋದ್ಯೋಗಿ ಅದು ಪ್ರಶ್ನೆಯೇ ಅಲ್ಲವೆಂಬಂತೆ ಹಲ್ಕ್ ಹೋಗನ್ ಹೆಸರು ಹೇಳಿದ. 1987ರ ಮಾರ್ಚ್ 29ರಂದು ಮಿಶಿಗನ್ನಿನ ಪಾಂಟಿಯಾಕ್ ಸಿಲ್ವರ್‌ಡೋಮ್‌ನಲ್ಲಿ ಆಂದ್ರೆ ದಿ ಜೈಂಟ್‌ನನ್ನು ಎತ್ತಿ ಕೆಡವಿದ ಪಂದ್ಯವನ್ನು ನೋಡಲು 93,173 ಜನ ಸೇರಿದ್ದರೆಂದು ಸಂಘಟಕರು ಸಾರಿದ್ದರು. ಆ ಅಂಕಿಯ ಬಗ್ಗೆ ತಕರಾರುಗಳಿದ್ದರೂ, ಕುಸ್ತಿ ನೋಡದವರಿಗೂ ಗೊತ್ತಿರುವ ಕುಸ್ತಿಪಟು ಹೋಗನ್ ಎನ್ನುವುದರಲ್ಲಿ ತಕರಾರಿಲ್ಲ. ನಾನೂ ತಲೆಯಾಡಿಸಿದೆ. ಹೊಳಲ್ಕೆರೆಯಲ್ಲಿ ಬೆಳೆದ ನನಗೆ ಕುಸ್ತಿಯೆಂದರೆ ಎರಡೇ: ದಾವಣಗೆರೆಯ ದುಗ್ಗಮ್ಮನ ಜಾತ್ರೆಯಲ್ಲಿ ಸೋದರಮಾವನ ಹೆಗಲೇರಿ ಕಂಡ ಬಯಲು ಕುಸ್ತಿ ಮತ್ತು ಶಾಲೆಯ ಚೀಲದಲ್ಲಿ ಬಚ್ಚಿಟ್ಟುಕೊಂಡು ಆಡುತ್ತಿದ್ದ ಡಬ್ಲ್ಯುಡಬ್ಲ್ಯುಎಫ್ ಟ್ರಂಪ್ ಕಾರ್ಡು. ಎತ್ತರ, ತೂಕ, ಎದೆಯ ಸುತ್ತಳತೆ ಎಂದು ಕೂಗಿ ಎದುರಾಳಿಯ ಕಾರ್ಡು ಕಿತ್ತುಕೊಳ್ಳುವ ಆ ಆಟದಲ್ಲಿ ಜಪಾನಿನ ಪ್ರತಿನಿಧಿಯೆಂದು ನಾನು ನಂಬಿದ್ದವನು ಯೊಕೊಜುನಾ. ಇದನ್ನು ಹೇಳಿದಾಗ ಹಿರಿಯರು ನಗೆ ತಡೆಯಲಾರದೆ ಗ್ಲಾಸು ಕೆಳಗಿಟ್ಟರು. ಯೊಕೊಜುನಾ ಎನ್ನುವುದು ಹೆಸರಲ್ಲ, ಸುಮೊ ಕುಸ್ತಿಯ ಅತ್ಯುನ್ನತ ಪದವಿ. ಆ ಹೆಸರಿಟ್ಟುಕೊಂಡು ಆಡುತ್ತಿದ್ದವನು ಸಮೋವಾ ಮೂಲದ ಅಮೆರಿಕನ್. ಮೂವತ್ತು ವರ್ಷ ಇಟ್ಟುಕೊಂಡಿದ್ದ ತೂಕದ ಕಾರ್ಡನ್ನು ಹೀಗೆ ಒಂದೇ ಮಾತಿನಲ್ಲಿ ಕಳೆದುಕೊಂಡೆ.

ನಮ್ಮ ವಿಭಾಗದ ಮುಖ್ಯಸ್ಥರದು ಇನೋಕಿಯ ಪಕ್ಷ. ಅವರ ಪ್ರಕಾರ ಹೋಗನ್‌ನನ್ನು ಅರ್ಧ ರೂಪಿಸಿದ್ದೇ ಜಪಾನ್: 1983ರ ಜೂನ್ 2ರಂದು ಟೋಕಿಯೊದ ಸುಮೊ ಅಂಗಣವಾಗಿದ್ದ ಕುರಾಮಾಯೆ ಕೊಕುಗಿಕಾನ್‌ನಲ್ಲಿ, ಇಡೀ ದೇಶ ಇನೋಕಿಯೇ ಗೆಲ್ಲುತ್ತಾನೆಂದು ಕಾದಿದ್ದ ಫೈನಲ್ ಪಂದ್ಯದಲ್ಲಿ ಹೋಗನ್ ಆತನನ್ನು ನಾಲಿಗೆ ಹೊರಚಾಚಿ ಪ್ರಜ್ಞೆ ತಪ್ಪುವಂತೆ ಹೊಡೆದು ಕೆಡವಿದ್ದ. 1976ರ ಜೂನ್ 26ರಂದು ಟೋಕಿಯೊದ ಕ್ರೀಡಾಂಗಣ ಬುದೊಕಾನ್‌ನಲ್ಲಿ ಇನೋಕಿ ಮುಹಮ್ಮದ್ ಅಲಿಯನ್ನೇ ಎದುರಿಸಿದ್ದ; ನಿಯಮಗಳ ಕಟ್ಟುಪಾಡಿನಿಂದಾಗಿ ಹದಿನೈದು ಸುತ್ತುಗಳಲ್ಲಿ ಬಹುಪಾಲು ಕಾಲ ನೆಲದ ಮೇಲೆ ಮಲಗಿ ಅಲಿಯ ಕಾಲುಗಳಿಗೆ ಒದೆಯುತ್ತಲೇ ಇದ್ದ ಆ ಪಂದ್ಯ ಸಮಬಲದಲ್ಲಿ ಮುಗಿದು, ಜಗತ್ತಿನ ನಗೆಪಾಟಲಾಗಿತ್ತು. ಮುಖ್ಯಸ್ಥರು ಮಾತ್ರ ಈ ಭಾಗವನ್ನು ಬೇಗನೆ ದಾಟಿ, 1989ರಲ್ಲಿ ಇನೋಕಿ ಸಂಸತ್ತಿನ ಮೇಲ್ಮನೆಗೆ ಆರಿಸಿಬಂದದ್ದು, 1990ರಲ್ಲಿ ಇರಾಕಿಗೆ ಹೋಗಿ ಒತ್ತೆಯಾಳಾಗಿದ್ದ ಜಪಾನೀಯರ ಬಿಡುಗಡೆಗೆ ಓಡಾಡಿದ್ದು, 1995ರಲ್ಲಿ ಉತ್ತರ ಕೊರಿಯದ ಪ್ಯೊಂಗ್‌ಯಾಂಗ್‌ನಲ್ಲಿ ಅಮೆರಿಕದ ಕುಸ್ತಿಪಟು ರಿಕ್ ಫ್ಲೇರ್ ಜೊತೆ ಸೆಣಸಿದ್ದು, ಇವುಗಳ ಮೇಲೆ ನಿಂತರು. ಅದೃಷ್ಟ ಬರಲಿ ಎಂದು ಜನ ಸಾಲುಗಟ್ಟಿ ನಿಂತು ಇನೋಕಿಯಿಂದ ಕೆನ್ನೆಗೆ ಏಟು ತಿನ್ನುತ್ತಿದ್ದರೆಂದೂ ಹೇಳಿ, ಯಾವ ಹೋಗನ್‌ನ ಕೈಯಲ್ಲಿ ನೀವು ಹೀಗೆ ಹೊಡೆಸಿಕೊಳ್ಳುತ್ತೀರಿ ಎಂದು ಅಮೆರಿಕನ್ ಮಿತ್ರನನ್ನು ಕೇಳಿದರು. ಆತನ ಬಳಿ ಉತ್ತರವಿರಲಿಲ್ಲ. ಮೆಕ್ಸಿಕೊದ ಕುಸ್ತಿಪಟು ಎಲ್ ಸಾಂತೊ ತನ್ನ ಬೆಳ್ಳಿಯ ಮುಖವಾಡದೊಡನೆಯೇ ಮಣ್ಣಾದವನು, ಅಲ್ಲಿ ಈ ಪ್ರಶ್ನೆ ಕೇಳಿದರೆ ಬೇರೆಯೇ ಉತ್ತರ ಬರುತ್ತದೆ ಎಂದು ನಾನು ಸೇರಿಸಿದ್ದನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಅಲ್ಲಿಯವರೆಗೂ ಸುಮ್ಮನಿದ್ದ ಹಿರಿಯರು, “ಇನೋಕಿಗೆ ಕುಸ್ತಿ ಕಲಿಸಿದವನು ಯಾರು?” ಎಂದಷ್ಟೇ ಕೇಳಿದರು. ಮುಖ್ಯಸ್ಥರು ತಲೆ ತಗ್ಗಿಸಿದರು. ಇನೋಕಿಯನ್ನು 1960ರಲ್ಲಿ ಬ್ರೆಜಿಲ್ಲಿನಿಂದ ಕರೆತಂದವನು, ಬೇಸ್‌ಬಾಲ್ ಆಡುತ್ತಿದ್ದ ಜೈಂಟ್ ಬಾಬಾನನ್ನು ಅದೇ ವರ್ಷ ಕುಸ್ತಿಗೆ ಇಳಿಸಿದವನು, ಇಬ್ಬರ ಗುರುವೂ ಒಬ್ಬನೇ: ರಿಕಿದೋಜಾನ್.

ಸುಮೊದಲ್ಲಿ ಸೆಕಿವಾಕೆ ಎಂಬ ಮೇಲಿನ ದರ್ಜೆಗೇರಿದ್ದ ರಿಕಿದೋಜಾನ್ 1950ರಲ್ಲಿ ತನ್ನ ಜುಟ್ಟನ್ನು ತಾನೇ ಕತ್ತರಿಸಿಕೊಂಡು ಆ ಲೋಕವನ್ನು ಬಿಟ್ಟ. ಹವಾಯಿ ಮತ್ತು ಅಮೆರಿಕದಲ್ಲಿ ಪಳಗಿ ಬಂದು 1953ರಲ್ಲಿ ಜಪಾನಿನ ವೃತ್ತಿಪರ ಕುಸ್ತಿಯ ಸಂಘ ಕಟ್ಟಿದ. ಜಪಾನಿನಲ್ಲಿ ಟೆಲಿವಿಷನ್ ಪ್ರಸಾರ ಆರಂಭವಾದದ್ದೂ ಅದೇ ವರ್ಷ. ಟೀವಿ ಕೊಳ್ಳುವ ಶಕ್ತಿ ಯಾರಿಗೂ ಇಲ್ಲದ ಕಾಲವಾದ್ದರಿಂದ ರೈಲು ನಿಲ್ದಾಣಗಳ ಮುಂದೆ, ಉದ್ಯಾನಗಳಲ್ಲಿ ಕಂಬದೆತ್ತರಕ್ಕೆ ಟೀವಿ ಪೆಟ್ಟಿಗೆಗಳನ್ನು ನಿಲ್ಲಿಸಿದ್ದರು. 1954ರ ಫೆಬ್ರುವರಿ 19ರಂದು ರಿಕಿದೋಜಾನ್ ಮತ್ತು ಜೂಡೊ ಪಟು ಕಿಮುರಾ ಮಸಾಹಿಕೊ ಜೊತೆಯಾಗಿ, ಶಾರ್ಪ್ ಸಹೋದರರೆಂಬ ಇಬ್ಬರು ದೈತ್ಯ ಬಿಳಿಯರನ್ನು ಎದುರಿಸಿದ ಪಂದ್ಯವನ್ನು ಹೀಗೆ ಬೀದಿಯಲ್ಲಿ ನಿಂತು ಜನ ನೋಡಿದರು. ಯುದ್ಧದಲ್ಲಿ ಸೋತು, ಅಮೆರಿಕದ ಸೈನ್ಯದ ಆಡಳಿತ ಮುಗಿದು ಇನ್ನೂ ಎರಡು ವರ್ಷವೂ ಆಗಿರಲಿಲ್ಲ. ಕಪ್ಪು ಉದ್ದ ಚಲ್ಲಣ ತೊಟ್ಟ ಗಿಡ್ಡ ಮನುಷ್ಯ ಅಂಗೈಯ ಅಂಚಿನಿಂದ ಕೊಟ್ಟ ಒಂದೊಂದು ಏಟಿಗೂ ಆ ಬಿಳಿಯ ದೈತ್ಯರು ಹಿಮ್ಮೆಟ್ಟಿದಾಗ ಬೀದಿ ಬೀದಿಯೇ ಕೂಗಿತಂತೆ. ಶಾರ್ಪ್ ಸಹೋದರರು ವಾಸ್ತವದಲ್ಲಿ ಕೆನಡಾದವರು. ಆ ಸಂಜೆ ಅದನ್ನು ವಿಚಾರಿಸುವ ವ್ಯವಧಾನ ಯಾರಿಗೂ ಇರಲಿಲ್ಲ.

ಅಂಕಿಗಳ ಮಾತಿಗೆ ಬಂದರೆ ಹಿರಿಯರ ಬಳಿ ಅವೂ ಇದ್ದವು. 1957ರ ಅಕ್ಟೋಬರ್ 7ರಂದು ವಿಶ್ವ ಚಾಂಪಿಯನ್ ಲೂ ಥೆಜ್ ಜೊತೆ ಅರವತ್ತು ನಿಮಿಷ ಸೆಣಸಿ ಸಮಬಲ ಸಾಧಿಸಿದ ಪಂದ್ಯದ ವೀಕ್ಷಕರ ಪ್ರಮಾಣ ಅಂದಿನ ಸಮೀಕ್ಷೆಯಲ್ಲಿ ಶೇ. 87. ದಾರಾ ಸಿಂಗ್ 1968ರಲ್ಲಿ ಮುಂಬಯಿಯಲ್ಲಿ ಸೋಲಿಸಿದ್ದು ಇದೇ ಥೆಜ್‌ನನ್ನು ಎಂದು ನಾನು ನೆನಪಿಸಿದಾಗ ಹಿರಿಯರು ನನ್ನ ಗ್ಲಾಸಿಗೆ ಬಿಯರ್ ಸುರಿದರು. ಮನೆ ಮನೆಗೂ ಟೀವಿ ಬಂದ ಮೇಲೆ, 1963ರ ಮೇ 24ರಂದು ಮುಖವಾಡದ ಡೆಸ್ಟ್ರಾಯರ್ ಜೊತೆ ನಡೆದ ಪಂದ್ಯಕ್ಕೆ ಶೇ. 64, ಜಪಾನಿನ ಟೀವಿ ಇತಿಹಾಸದಲ್ಲೇ ಅತಿ ಹೆಚ್ಚು ಜನ ನೋಡಿದ ಕಾರ್ಯಕ್ರಮಗಳ ಸಾಲಿನಲ್ಲಿ ಅದು ಇಂದಿಗೂ ಇದೆ.

ನಮ್ಮ ಕಡೆಯ ಓದುಗರು ಇಲ್ಲಿ ಒಂದು ಪ್ರಶ್ನೆ ಎತ್ತುತ್ತಾರೆಂದು ನನಗೆ ಗೊತ್ತು: ಫಲಿತಾಂಶ ಮೊದಲೇ ನಿಶ್ಚಯವಾದ ಕುಸ್ತಿಯಲ್ಲಿ ದೊಡ್ಡವನೇನು, ಚಿಕ್ಕವನೇನು? ಜಾತ್ರೆಯಲ್ಲಿ ಪೈಲ್ವಾನರು ಒಳಗೊಳಗೇ ಮಾತಾಡಿಕೊಂಡಿದ್ದಾರೆಂಬ ಅನುಮಾನ ಬಂದರೆ ಮಾವ ನನ್ನನ್ನು ಹೆಗಲಿನಿಂದ ಇಳಿಸಿ ಹೊರಟೇಬಿಡುತ್ತಿದ್ದರು. ರಿಕಿದೋಜಾನ್‌ನ ಕತೆಯಲ್ಲಿ ಇದಕ್ಕೆ ತಿರುಗುಮುರುಗಾದ ಒಂದು ಘಟನೆಯಿದೆ. 1954ರ ಡಿಸೆಂಬರ್ 22ರಂದು, ಹತ್ತು ತಿಂಗಳ ಹಿಂದೆ ಜೊತೆಗಾರನಾಗಿದ್ದ ಕಿಮುರಾನೇ ಅವನಿಗೆ ಎದುರಾಳಿ. ಸಮಬಲದಲ್ಲಿ ಮುಗಿಸುವುದೆಂದು ಒಪ್ಪಂದವಾಗಿತ್ತೆಂದು ಕಿಮುರಾ ಆಮೇಲೆ ಹೇಳಿದ. ಪಂದ್ಯದ ನಡುವೆ ರಿಕಿದೋಜಾನ್ ನಿಜವಾಗಿಯೇ ಹೊಡೆಯತೊಡಗಿ ಅವನನ್ನು ರಕ್ತ ಸುರಿಯುವಂತೆ ಕೆಡವಿದ. ನಮ್ಮ ಮಾವ ಸುಳ್ಳು ಕುಸ್ತಿಯೆಂದು ಎದ್ದು ಹೋಗುತ್ತಿದ್ದರು, ಇಲ್ಲಿ ಎದ್ದ ದೂರು ಕುಸ್ತಿ ನಿಜವಾಯಿತೆಂದು. ಈ ಮನುಷ್ಯನನ್ನು ದೊಡ್ಡವನೆಂದು ಒಪ್ಪಬಲ್ಲೆ, ಒಳ್ಳೆಯವನೆಂದು ಒಪ್ಪಲು ನನ್ನಿಂದಾಗುವುದಿಲ್ಲ.

ಆದರೂ ನನ್ನ ಮತ ಅವನಿಗೇ, ಮತ್ತು ಅದಕ್ಕೆ ಕಾರಣ ಅಂಕಿಗಳಲ್ಲ. ಹೋಗನ್ ಹುಟ್ಟದಿದ್ದರೂ ಅಮೆರಿಕದಲ್ಲಿ ಕುಸ್ತಿ ಇರುತ್ತಿತ್ತು. ರಿಕಿದೋಜಾನ್ ಇಲ್ಲದಿದ್ದರೆ ಇಲ್ಲಿ ಬಾಬಾ ಇಲ್ಲ, ಇನೋಕಿ ಇಲ್ಲ, ಕೊರಾಕುಯೆನ್‌ನ ಬಣ್ಣದ ಸುರುಳಿಗಳೂ ಇರುತ್ತಿದ್ದವೋ ಇಲ್ಲವೋ. ಇನ್ನೊಂದು ಕಾರಣ ನನ್ನಂಥ ಹೊರನಾಡಿಗನಿಗೆ ಮಾತ್ರ ಹೆಚ್ಚು ತಾಗುವಂಥದ್ದು. ಬಿಳಿಯರನ್ನು ಹೊಡೆದು ಜಪಾನಿನ ಮಾನ ಉಳಿಸಿದ ಆ ರಾಷ್ಟ್ರವೀರ ಜಪಾನೀಯನೇ ಆಗಿರಲಿಲ್ಲ. ಈಗ ಉತ್ತರ ಕೊರಿಯಕ್ಕೆ ಸೇರಿದ ಪ್ರದೇಶದಲ್ಲಿ ಹುಟ್ಟಿದ ಅವನ ಹೆಸರು ಕಿಮ್ ಸಿನ್‌ರಾಕ್. ಸುಮೊ ಕಲಿಯಲು ಹುಡುಗನಾಗಿ ಇಲ್ಲಿಗೆ ಬಂದವನು. ನಾಗಸಾಕಿ ಪ್ರಾಂತ್ಯದ ಓಮುರಾದಲ್ಲಿ ಹುಟ್ಟಿದ ಮೊಮೊತಾ ಎಂಬುದು ಜನರ ಮುಂದಿಟ್ಟ ಕತೆ, ಮತ್ತು 1963ರ ಡಿಸೆಂಬರಿನಲ್ಲಿ ಅಕಾಸಾಕಾದ ನೈಟ್ ಕ್ಲಬ್ಬಿನಲ್ಲಿ ಇರಿತಕ್ಕೊಳಗಾಗಿ ಒಂದು ವಾರದ ಮೇಲೆ, ಮೂವತ್ತೊಂಬತ್ತನೆಯ ವಯಸ್ಸಿಗೆ ಸಾಯುವವರೆಗೂ ಅವನು ಆ ಕತೆಯನ್ನು ಬಿಟ್ಟುಕೊಡಲಿಲ್ಲ. ಪ್ಯೊಂಗ್‌ಯಾಂಗ್‌ನಲ್ಲಿ ಇನೋಕಿ ಸೆಣಸಿದ್ದು ಗುರುವಿನ ತಾಯ್ನೆಲದಲ್ಲಿ. ಇಲ್ಲಿನ ಕಡತಗಳಲ್ಲಿ ನನ್ನ ಹೊಳಲ್ಕೆರೆ ಳಕಾರ ಕಳೆದುಕೊಂಡು “ಹೊರರುಕೆರೆ” ಆಗಿರುವುದನ್ನು ನೋಡಿ ನಾನು ಇಂದಿಗೂ ನಗುತ್ತೇನೆ. ಹುಟ್ಟೂರನ್ನೇ ಬಾಯಿಬಿಡದೆ ಬದುಕುವುದು ಹೇಗಿರುತ್ತದೆಂದು ಯೋಚಿಸಿದರೆ ಆ ನಗು ಅಷ್ಟಕ್ಕೇ ನಿಲ್ಲುತ್ತದೆ.

ಕಳೆದ ಡಿಸೆಂಬರಿನಲ್ಲಿ ಹಿರಿಯರೊಡನೆ ಇಕೆಗಾಮಿಯ ಹೊನ್ಮೊಂಜಿ ದೇವಾಲಯಕ್ಕೆ ಹೋಗಿದ್ದೆ. 96 ಕಲ್ಲಿನ ಮೆಟ್ಟಿಲುಗಳನ್ನು ಅವರು ಎರಡು ಕಡೆ ನಿಂತು ಹತ್ತಿದರು. ರಿಕಿದೋಜಾನ್‌ನ ಸಮಾಧಿಯ ಪಕ್ಕದಲ್ಲಿ ಅವನ ಎದೆಮಟ್ಟದ ಪ್ರತಿಮೆಯಿದೆ. ಯಾರೋ ಹೊಸ ಹೂಗಳನ್ನಿಟ್ಟು ಹೋಗಿದ್ದರು. ಶಾರ್ಪ್ ಸಹೋದರರ ಪಂದ್ಯವನ್ನು ಶಿಂಬಾಶಿ ನಿಲ್ದಾಣದ ಮುಂದೆ ನೋಡಿದಿರಲ್ಲ, ಹೇಗಿತ್ತು ಎಂದು ನಾನು ಅಲ್ಲಿ ಕೇಳಿದೆ. ಅವರು ಊದುಬತ್ತಿ ಹಚ್ಚುತ್ತಾ, ತಮಗೆ ಆಗ ಆರು ವರ್ಷ, ಅಪ್ಪನ ಕೈ ಹಿಡಿದು ನಿಂತಿದ್ದೆ, ಮುಂದೆಲ್ಲ ಗಂಡಸರ ಕೋಟಿನ ಬೆನ್ನುಗಳೇ ಇದ್ದವು, ಟೀವಿ ಒಂದಿಷ್ಟೂ ಕಾಣಲಿಲ್ಲ ಎಂದರು.