ಮುಚ್ಚಳಿಕೆ ಬರೆದುಕೊಟ್ಟ ದಿನ

ತಮಿಳುನಾಡಿನ ಸರ್ಕಾರಿ ನೌಕರರೂ ಶಿಕ್ಷಕರೂ 2003ರ ಜುಲೈ 2ರಂದು ಅನಿರ್ದಿಷ್ಟ ಕಾಲದ ಮುಷ್ಕರ ಆರಂಭಿಸಿದಾಗ ನಮ್ಮ ತಂದೆಯವರು ಕರ್ನಾಟಕದ ಗಡಿಗೆ ಅಂಟಿದ ತಾಳವಾಡಿ ಭಾಗದ ಒಂದು ಕನ್ನಡ ಪ್ರಾಥಮಿಕ ಶಾಲೆಯಲ್ಲಿ ಮುಖ್ಯೋಪಾಧ್ಯಾಯರಾಗಿದ್ದರು. ನಿವೃತ್ತಿಗೆ ಎರಡು ವರ್ಷ ಬಾಕಿ ಇತ್ತು. ನಾನು ಶಿಕ್ಷಕ ತರಬೇತಿ ಮುಗಿಸಿ, ಉದ್ಯೋಗ ವಿನಿಮಯ ಕೇಂದ್ರದಲ್ಲಿ ಹೆಸರು ನೋಂದಾಯಿಸಿ, ಕರೆ ಯಾವಾಗ ಬರುವುದೋ ಎಂದು ಕಾಯುತ್ತ ಮನೆಯಲ್ಲಿದ್ದೆ.

ಆರ್ಥಿಕ ಮುಗ್ಗಟ್ಟಿನ ಕಾರಣ ಹೇಳಿ ಸರ್ಕಾರವು ನೌಕರರ ಸೌಲಭ್ಯಗಳನ್ನು ಒಂದೊಂದಾಗಿ ಮೊಟಕುಗೊಳಿಸುತ್ತ ಬಂದಿತ್ತು. ಗಳಿಕೆ ರಜೆಯನ್ನು ಸರೆಂಡರ್ ಮಾಡಿ ಹಣ ಪಡೆಯುವುದಕ್ಕೆ ತಡೆ ಬಿದ್ದಿತ್ತು. ನಿವೃತ್ತಿಯ ವೇಳೆ ಪಿಂಚಣಿಯ ಒಂದಂಶವನ್ನು ಮುಂಗಡವಾಗಿ ಇಡಿಗಂಟಾಗಿ ಪಡೆಯುವ ಕಮ್ಯುಟೇಶನ್ನಿನ ಪಾಲು ಇಳಿದಿತ್ತು. 2003ರ ಏಪ್ರಿಲ್ 1ರಿಂದ ಸೇವೆಗೆ ಸೇರುವವರಿಗೆ ಹಳೆಯ ಪಿಂಚಣಿಯೇ ಇಲ್ಲವೆಂದೂ ಅವರ ಸಂಬಳದಿಂದ ವಂತಿಗೆ ಕಡಿದುಕೊಳ್ಳುವ ಹೊಸ ಯೋಜನೆ ಬರುವುದೆಂದೂ ತೀರ್ಮಾನವಾಗಿತ್ತು. ತಂದೆಯವರಿಗೆ ಇವುಗಳಲ್ಲಿ ಕೊನೆಯದು ತಟ್ಟುತ್ತಿರಲಿಲ್ಲ, ಮೊದಲಿನವು ಮಾತ್ರ ತಟ್ಟುತ್ತಿದ್ದವು. ಆದರೂ ಮುಷ್ಕರಕ್ಕೆ ಹೊರಡುವ ಹಿಂದಿನ ರಾತ್ರಿ ಅವರು ಅಮ್ಮನ ಮುಂದೆ ಹೇಳಿದ್ದು ನನ್ನ ಹೆಸರನ್ನು: "ಇವಳಿಗೆ ನಾಳೆ ಕೆಲಸ ಸಿಕ್ಕಿದರೆ ಇವಳ ಗತಿ ಏನು?"

ತಾಳವಾಡಿಯವರ ಬದುಕು ಎರಡು ದಿಕ್ಕಿನದು. ಸಂತೆ, ಮದುವೆ, ನೆಂಟಸ್ತಿಕೆ ಎಲ್ಲವೂ ಚಾಮರಾಜನಗರದ ಕಡೆಗೆ. ಕಡತ, ಸಂಬಳದ ಬಿಲ್ಲು, ವರ್ಗಾವಣೆ ಎಲ್ಲವೂ ದಿಂಬಂ ಘಾಟಿಯ 27 ತಿರುವು ಇಳಿದು ಸತ್ಯಮಂಗಲ, ಈರೋಡಿನ ಕಡೆಗೆ. ಮೈಸೂರಿನಿಂದ ಬರುವ ಕನ್ನಡ ಪತ್ರಿಕೆಗಳಲ್ಲಿ ನಮ್ಮ ಮುಷ್ಕರದ ಸುದ್ದಿ ಒಂದು ಮೂಲೆಯಲ್ಲಿ ಇದ್ದರೆ ಇತ್ತು, ಇಲ್ಲದಿದ್ದರೆ ಇಲ್ಲ. ಹೀಗಾಗಿ ಘಾಟಿ ಹತ್ತಿ ಬರುವ ಬಸ್ಸಿನ ತಮಿಳು ಪತ್ರಿಕೆಗಾಗಿ ಮೇಷ್ಟ್ರುಗಳೆಲ್ಲ ಬಸ್ ನಿಲ್ದಾಣದ ಚಹಾ ಅಂಗಡಿಯಲ್ಲಿ ಕಾಯುತ್ತಿದ್ದರು. ಮುಷ್ಕರ ಆರಂಭವಾಗುವ ಮೊದಲೇ ಮುಖಂಡರನ್ನು ಬಂಧಿಸಿದ ಸುದ್ದಿಯನ್ನೂ, ಜುಲೈ 4ರಂದು ಸುಗ್ರೀವಾಜ್ಞೆ ಹೊರಡಿಸಿ ವಿಚಾರಣೆಯ ಗೊಡವೆಯಿಲ್ಲದೆ ನೌಕರರನ್ನು ವಜಾ ಮಾಡುವ ಅಧಿಕಾರವನ್ನು ಸರ್ಕಾರ ತೆಗೆದುಕೊಂಡ ಸುದ್ದಿಯನ್ನೂ ಅವರು ಅಲ್ಲಿಯೇ ಓದಿದರು. ಅಗತ್ಯ ಸೇವೆಗಳ ನಿರ್ವಹಣೆಗೆಂದು 2002ರಲ್ಲಿ ಮಾಡಿದ್ದ ಕಾನೂನನ್ನು ಎಲ್ಲರೂ 'ಟೆಸ್ಮಾ' ಎನ್ನುತ್ತಿದ್ದರು. ಮಕ್ಕಳಿಗೂ ಆ ಹೆಸರು ಬಾಯಿಪಾಠವಾಯಿತು.

ಸುಮಾರು 1.7 ಲಕ್ಷ ಜನರನ್ನು ಕೆಲಸದಿಂದ ತೆಗೆದುಹಾಕಲಾಯಿತು. ಕಚೇರಿಯ ಗೋಡೆಗೆ ಅಂಟಿಸಿದ್ದ ಪಟ್ಟಿಯಲ್ಲಿ ತಂದೆಯವರ ಹೆಸರು ಇರುವುದನ್ನು ನೋಡಿ ಬಂದವನು ಅವರ ಹಳೆಯ ಶಿಷ್ಯ. ಕಚೇರಿಗಳು ನಡೆಯಲೆಂದು ತಾತ್ಕಾಲಿಕವಾಗಿ ಜನರನ್ನು ತೆಗೆದುಕೊಳ್ಳುತ್ತಾರೆಂದು ಕೇಳಿ ಅರ್ಜಿ ಹಿಡಿದು ಹೋಗಿದ್ದನಂತೆ. ಅದನ್ನು ಅವನು ಮುಚ್ಚಿಡಲಿಲ್ಲ. "ತಪ್ಪು ತಿಳೀಬ್ಯಾಡಿ ಮೇಷ್ಟ್ರೇ, ಮನೇಲಿ ಕಷ್ಟ" ಎಂದ. ತಂದೆಯವರು ಅವನಿಗೆ ಕಾಫಿ ಕೊಡಿಸಿ ಕಳುಹಿಸಿದರು. ಊರಿನಲ್ಲಿ ಎಲ್ಲರೂ ನಮ್ಮ ಪರ ಇದ್ದರೆಂದು ಈಗ ಹೇಳಿದರೆ ಅದು ಸುಳ್ಳು. ಮಳೆ ಬಂದರೆ ರಾಗಿ, ಬೆಲೆ ಬಂದರೆ ಕೋಸು ಎಂದು ಬದುಕುವ ರೈತರಿಗೆ ತಿಂಗಳ ಸಂಬಳದವರ ಜಗಳ ಅಷ್ಟಾಗಿ ಅರ್ಥವಾಗುತ್ತಿರಲಿಲ್ಲ, "ಇದ್ದೋರ್ಗೂ ಸಾಲ್ದಾ?" ಎಂಬ ಮಾತು ನಮ್ಮ ಜಗುಲಿಯವರೆಗೂ ಬಂತು.

ವಜಾ ಎಂದರೆ ಸಂಬಳ ನಿಲ್ಲುವುದಷ್ಟೇ ಎಂದು ನಾನು ತಿಳಿದಿದ್ದೆ. ತಂದೆಯವರು ಪಿಂಚಣಿ ನಿಯಮಗಳ ಪುಸ್ತಕ ತೆಗೆದು ತೋರಿಸಿದ ಮೇಲೆ ವಿಷಯ ಬೇರೆಯೇ ಆಯಿತು. ಸೇವೆಯಿಂದ ವಜಾ ಆದವರ ಹಿಂದಿನ ಸೇವೆಯೆಲ್ಲ ಲೆಕ್ಕಕ್ಕೆ ಬಾರದೆ ಹೋಗುತ್ತದೆ. ಮೂವತ್ತು ವರ್ಷ ಮೀರಿ ದುಡಿದಿದ್ದರೂ ಪಿಂಚಣಿ ಇಲ್ಲ, ಗ್ರಾಚ್ಯುಟಿ ಇಲ್ಲ. ಅಂದರೆ ಸೇವೆ ಹೆಚ್ಚಾದಷ್ಟೂ ಕಳೆದುಕೊಳ್ಳುವುದು ಹೆಚ್ಚು. ನಿನ್ನೆ ಮೊನ್ನೆ ಸೇರಿದ ಯುವಕನಿಗೆ ವಜಾ ಒಂದು ಪೆಟ್ಟು. ಐವತ್ತಾರರ ಮೇಷ್ಟ್ರಿಗೆ ಅದು ಇಡೀ ಆಯುಷ್ಯದ ಗಳಿಕೆಯ ಮುಟ್ಟುಗೋಲು. ಪಿಂಚಣಿಯೆಂಬುದು ಸರ್ಕಾರ ಮನಸ್ಸು ಬಂದಾಗ ಕೊಡುವ ಇನಾಮು ಅಲ್ಲ, ಸಲ್ಲಿಸಿದ ಸೇವೆಗೆ ಸಲ್ಲಬೇಕಾದ ಹಕ್ಕು ಎಂದು ಸುಪ್ರೀಂ ಕೋರ್ಟು 1982ರ ಡಿಸೆಂಬರ್ 17ರಂದು ನಕಾರಾ ಪ್ರಕರಣದಲ್ಲಿ ಹೇಳಿತ್ತು. ಆ ದಿನವನ್ನು ನಿವೃತ್ತರು ಇಂದಿಗೂ ಪಿಂಚಣಿದಾರರ ದಿನವೆಂದು ಆಚರಿಸುತ್ತಾರೆ. ಆದರೆ ಆ ಹಕ್ಕು ಕೈಗೆ ಸೇರುವ ದಿನದವರೆಗೂ ನೌಕರನನ್ನು ಹಿಡಿದಿಡುವ ಹಗ್ಗವೂ ಅದೇ. ಪಿಂಚಣಿಗಾಗಿ ಮುಷ್ಕರ ಹೂಡಿದವರನ್ನು ಪಿಂಚಣಿಯನ್ನೇ ತೋರಿಸಿ ಮಣಿಸಿದ ಆ ಜುಲೈಯನ್ನು ಹತ್ತಿರದಿಂದ ಕಂಡ ನನಗೆ, ನೌಕರರು ಅಂಜಿದರು ಎಂದು ಯಾರಾದರೂ ಹಗುರವಾಗಿ ಹೇಳಿದರೆ ಸಹಿಸಲಾಗುವುದಿಲ್ಲ.

ವಜಾ ಪ್ರಶ್ನಿಸಿ ಹೋದವರಿಗೆ ಮದ್ರಾಸ್ ಹೈಕೋರ್ಟಿನ ವಿಭಾಗೀಯ ಪೀಠವು, ಸರ್ಕಾರಿ ನೌಕರರ ಸೇವಾ ವ್ಯಾಜ್ಯ ಕೇಳುವ ಆಡಳಿತ ನ್ಯಾಯಮಂಡಳಿಗೆ ಹೋಗಿರೆಂದು ಹೇಳಿತು. ಆ ಮಂಡಳಿಯಲ್ಲಿ ಆಗ ಇದ್ದದ್ದು ಒಬ್ಬರೇ ಸದಸ್ಯರು. ಲಕ್ಷಾಂತರ ಜನರ ಅಹವಾಲನ್ನು ಒಬ್ಬರು ಯಾವ ಜನ್ಮದಲ್ಲಿ ಕೇಳಿ ಮುಗಿಸಬೇಕಿತ್ತೋ! ಸುಪ್ರೀಂ ಕೋರ್ಟಿನ ಮುಂದೆ ಜುಲೈ ಕೊನೆಯ ವಾರದಲ್ಲಿ ವಿಷಯ ಬಂದಾಗ ಸರ್ಕಾರವು ಒಂದು ಷರತ್ತಿನ ಮೇಲೆ ಬಹುಪಾಲು ಜನರನ್ನು ಮರಳಿ ತೆಗೆದುಕೊಳ್ಳಲು ಒಪ್ಪಿತು: ನೌಕರರು ಬೇಷರತ್ ಕ್ಷಮೆ ಕೇಳಬೇಕು, ಮುಷ್ಕರವನ್ನು ನಿಷೇಧಿಸುವ ನಡತೆ ನಿಯಮ 22ಕ್ಕೆ ಬದ್ಧರಾಗಿರುವೆವೆಂದು ಮುಚ್ಚಳಿಕೆ ಬರೆದುಕೊಡಬೇಕು.

ಆ ದಿನ ನಾನೂ ತಂದೆಯವರ ಜೊತೆ ತಾಳವಾಡಿಗೆ ಹೋಗಿದ್ದೆ. ಮುಚ್ಚಳಿಕೆಯ ಮಾದರಿ ತಮಿಳಿನಲ್ಲಿತ್ತು. ಝೆರಾಕ್ಸ್ ಅಂಗಡಿಯ ಮುಂದೆ ಮೇಷ್ಟ್ರುಗಳು, ಗುಮಾಸ್ತರು ಸಾಲಾಗಿ ನಿಂತಿದ್ದರು. ಪ್ರತಿಯ ಪ್ರತಿಯ ಪ್ರತಿಯಾಗಿ ಕೊನೆಗೆ ಬಂದ ಹಾಳೆಗಳಲ್ಲಿ ಅಕ್ಷರಗಳು ಅರ್ಧ ಮಾಸಿದ್ದವು, ಅಂಚಿನಲ್ಲಿ ಕಪ್ಪು ಪಟ್ಟಿ ಬಿದ್ದಿತ್ತು. ಕನ್ನಡ ಶಾಲೆಯವರಾದರೂ ತಂದೆಯವರ ತಮಿಳು ಅಚ್ಚುಕಟ್ಟು. ತಮಿಳು ಬರೆಯಲು ತಡವರಿಸುವ ಇಬ್ಬರು ಮೇಡಂಗಳ ಹಾಳೆಗಳನ್ನು ಅವರೇ ತುಂಬಿಕೊಟ್ಟರು: ಹೆಸರು, ಹುದ್ದೆ, ಶಾಲೆ, ಸೇವೆಗೆ ಸೇರಿದ ದಿನಾಂಕ. ತಮ್ಮದನ್ನು ತುಂಬುವಾಗ ಸೇವೆಗೆ ಸೇರಿದ ದಿನಾಂಕದವರೆಗೆ ಬರೆದು ಪೆನ್ನಿನ ಮುಚ್ಚಳ ಹಾಕಿ, ಹೊರಗೆ ಹೋಗಿ ಚಹಾ ಕುಡಿದು ಬಂದರು. ಅವರ ಜೊತೆಗಿದ್ದ ಕಿರಿಯ ಸಹಶಿಕ್ಷಕರೊಬ್ಬರು, "ನಾನು ಬರ್ಕೊಡಲ್ಲ ಸಾರ್. ಏನ್ ತಪ್ಪು ಮಾಡೀವಿ ಅಂತ ಬರ್ಕೊಡಬೇಕು?" ಎಂದರು. ತಂದೆಯವರು ಬಹಳ ಹೊತ್ತು ವಾದಿಸಲಿಲ್ಲ. "ನೀನು ಬರೀದೇ ಇದ್ರೆ ನಾನು ಬರ್ದಿದ್ದೂ ನಾಚ್ಕೆಗೇಡಾಗುತ್ತೆ ಕಣಪ್ಪ. ಎಲ್ರೂ ಬರ್ದು ಒಳಗೋಗಣ, ಆಮೇಲೆ ನೋಡಣ" ಎಂದರು. ಆ ಮೇಷ್ಟ್ರು ಸಹಿ ಮಾಡಿದರು, ಆದರೆ ಕೆಲವು ತಿಂಗಳ ಕಾಲ ತಂದೆಯವರ ಜೊತೆ ಸರಿಯಾಗಿ ಮಾತನಾಡಲಿಲ್ಲ.

ಎಫ್.ಐ.ಆರ್. ದಾಖಲಾಗಿದ್ದವರಿಗೂ ಬಂಧನಕ್ಕೊಳಗಾಗಿದ್ದವರಿಗೂ ಆಗ ಬಾಗಿಲು ತೆರೆಯಲಿಲ್ಲ. ಆಗಸ್ಟ್ 6ರಂದು ಬಂದ ತೀರ್ಪಿನಲ್ಲಿ ಸುಪ್ರೀಂ ಕೋರ್ಟು ಸರ್ಕಾರಿ ನೌಕರರಿಗೆ ಮುಷ್ಕರ ಹೂಡುವ ಮೂಲಭೂತ ಹಕ್ಕಾಗಲಿ, ಶಾಸನಬದ್ಧ ಹಕ್ಕಾಗಲಿ, ನೈತಿಕ ಹಕ್ಕಾಗಲಿ ಇಲ್ಲವೆಂದಿತು. ಮೊದಲ ಎರಡನ್ನು ಹೇಳುವುದು ನ್ಯಾಯಾಲಯದ ಕೆಲಸ ಎಂದು ತಂದೆಯವರು ಒಪ್ಪಿದರು. ಮೂರನೆಯದನ್ನು ಮಾತ್ರ ಕೊನೆಯವರೆಗೂ ಒಪ್ಪಲಿಲ್ಲ, ನಾನೂ ಒಪ್ಪುವುದಿಲ್ಲ. 2004ರ ಲೋಕಸಭಾ ಚುನಾವಣೆಯಲ್ಲಿ ಆಳುವ ಪಕ್ಷದ ಕೂಟವು ತಮಿಳುನಾಡಿನ 39 ಸ್ಥಾನಗಳನ್ನೂ ಕಳೆದುಕೊಂಡ ಕೂಡಲೇ ಮುಖ್ಯಮಂತ್ರಿ ಜಯಲಲಿತಾ ಅವರು ಮುಷ್ಕರನಿರತರ ಮೇಲಿನ ಕ್ರಮಗಳನ್ನು ಹಿಂದಕ್ಕೆ ಪಡೆದರು. ನ್ಯಾಯಾಲಯದಲ್ಲಿ ಸಿಗದದ್ದು ಮತಪೆಟ್ಟಿಗೆಯಿಂದ ಬಂತು. ತಂದೆಯವರು 2005ರಲ್ಲಿ ನಿವೃತ್ತರಾದರು; ಪಿಂಚಣಿ ಬಂತು.

ಅದೇ ವರ್ಷ ನನಗೆ ಕೆಲಸ ಸಿಕ್ಕಿತು, ತಿಂಗಳಿಗೆ 3,000 ರೂಪಾಯಿಯ ಒಟ್ಟುಗೂಡಿಸಿದ ಸಂಬಳಕ್ಕೆ. ತುಟ್ಟಿಭತ್ಯೆ, ಇನ್‌ಕ್ರಿಮೆಂಟ್ ಏನೂ ಇಲ್ಲ. ನಿವೃತ್ತ ತಂದೆಯ ಪಿಂಚಣಿ ಕೆಲಸದಲ್ಲಿರುವ ಮಗಳ ಸಂಬಳಕ್ಕಿಂತ ಹೆಚ್ಚು ಎಂದು ಮನೆಯಲ್ಲಿ ನಗುತ್ತಿದ್ದೆವು. 2006ರ ಜೂನ್ 1ರಿಂದ ನಮ್ಮನ್ನು ಕಾಲಬದ್ಧ ವೇತನ ಶ್ರೇಣಿಗೆ ಸೇರಿಸಿದರು, ಆದರೆ ಪಿಂಚಣಿ ಮಾತ್ರ ಹೊಸ ಯೋಜನೆಯದೇ. ಮೂಲವೇತನ ಮತ್ತು ತುಟ್ಟಿಭತ್ಯೆಯ ಶೇಕಡಾ 10 ನನ್ನದು, ಅಷ್ಟೇ ಸರ್ಕಾರದ್ದು. ವರ್ಷಕ್ಕೊಮ್ಮೆ ಬರುವ ಲೆಕ್ಕದ ಚೀಟಿಯಲ್ಲಿ ನನ್ನ ಪಾಲು, ಸರ್ಕಾರದ ಪಾಲು, ಬಡ್ಡಿ ಎಂಬ ಮೂರು ಅಂಕಣಗಳಿರುತ್ತಿದ್ದವು. ನಿವೃತ್ತಿಯ ಮರುತಿಂಗಳಿನಿಂದ ನನಗೆ ಎಷ್ಟು ಬರುತ್ತದೆ ಎಂಬ ಅಂಕಣ ಇರಲಿಲ್ಲ.

2019ರ ಜನವರಿ 22ರಂದು ಹಳೆಯ ಪಿಂಚಣಿ ಬೇಕೆಂದು ಶಿಕ್ಷಕರ ಮತ್ತು ಸರ್ಕಾರಿ ನೌಕರರ ಸಂಘಗಳ ಒಕ್ಕೂಟವಾದ ಜಾಕ್ಟೋ-ಜಿಯೋ ಮತ್ತೆ ಮುಷ್ಕರಕ್ಕೆ ಕರೆ ಕೊಟ್ಟಾಗ ಹೆಚ್ಚು ಧೈರ್ಯದಿಂದ ಹೊರಟವರು ನಮ್ಮಂಥ ಹೊಸ ಯೋಜನೆಯವರೇ. ಕಳೆದುಕೊಳ್ಳಲು ಹಳೆಯ ಪಿಂಚಣಿ ನಮ್ಮಲ್ಲಿ ಇರಲಿಲ್ಲ! ಜನವರಿ 30ಕ್ಕೆ ಅದು ಏನೂ ದಕ್ಕದೆ ಮುಗಿಯಿತು. ಬಹಳ ಜನರಿಗೆ ಶಿಸ್ತು ನಿಯಮ 17(ಬಿ) ಅಡಿಯ ಆರೋಪಪತ್ರ ಬಂತು, ನನಗೂ ಬಂತು. ತಂದೆಯವರು ಕನ್ನಡಕ ಹಾಕಿಕೊಂಡು ಅದನ್ನು ಎರಡು ಸಲ ಓದಿ, "ಇದ್ರಲ್ಲಿ ವಿವರಣೆ ಕೇಳವ್ರೆ, ಕ್ಷಮಾಪಣೆ ಕೇಳಿಲ್ಲ. ವಿವರಣೆ ಎಷ್ಟು ಬೇಕಾದ್ರೂ ಕೊಡಬಹುದು" ಎಂದರು. ಕರಡನ್ನು ತಮಿಳಿನಲ್ಲಿ ಅವರೇ ಸಿದ್ಧಪಡಿಸಿದರು, ಮೂರು ಪುಟವಾಯಿತು. ಒಂದು ಪುಟ ಸಾಕು ಎಂದೆ. ಅವರು ಒಂದು ಸಾಲನ್ನೂ ಕಡಿಯಲು ಬಿಡಲಿಲ್ಲ, ನಾನು ಅದನ್ನು ಹಾಗೆಯೇ ಶುದ್ಧಪ್ರತಿ ಮಾಡಿ ಸಲ್ಲಿಸಿದೆ.